ಲೆಡ್ಜರಿನ ಬೀಗದಕೈ ಯಾರ ಹತ್ತಿರ ಇರಬೇಕು?

(ನಮ್ಮ ಹಾಲು ಉತ್ಪಾದಕರ ಸಹಕಾರ ಸಂಘದ ಬೆಳ್ಳಿಹಬ್ಬದಲ್ಲಿ ನಿರ್ದೇಶಕರೊಬ್ಬರು ಮಾಡಿದ ಭಾಷಣ)



ಸಂಘ ನಡೆದು ಬಂದ ದಾರಿಯನ್ನು ನಮಗಿಂತ ಹಿರಿಯರು ಈಗಾಗಲೇ ಹೇಳಿದ್ದಾರೆ. ನಮಗೆ ವಹಿಸಿರುವ ವಿಷಯ ಸಂಘದ ಕಂಪ್ಯೂಟರ್. ನಾವು ಎಸ್.ಎಸ್.ಎಲ್.ಸಿ.ವರೆಗೆ ಓದಿ ಹಸು ಕಟ್ಟಿದವರು, ಪಂಡಿತರಲ್ಲ. ಆದರೆ ಲೆಕ್ಕ ನಮ್ಮದು, ಹಾಲು ನಮ್ಮದು. ಹಾಗಾಗಿ ಆ ಪರದೆಯ ಒಳಗೆ ಏನು ನಡೆಯುತ್ತೆ ಅಂತ ತಿಳಿದುಕೊಳ್ಳುವುದು ನಮ್ಮ ಕರ್ತವ್ಯವೇ ಆಗಿದೆ.

1905ರಲ್ಲಿ ಗದಗ ಹತ್ತಿರದ ಕಣಗಿನಹಾಳದಲ್ಲಿ ಸಿದ್ದನಗೌಡ ಸಣ್ಣರಾಮನಗೌಡ ಪಾಟೀಲರು ಸಹಕಾರ ಸಂಘ ಕಟ್ಟಿದ ಕಾಲದಿಂದಲೂ ಸಂಘ ಅಂದರೆ ನಂಬಿಕೆ, ನಂಬಿಕೆ ಅಂದರೆ ಲೆಕ್ಕದ ಪುಸ್ತಕ. ಈಗ ಆ ಪುಸ್ತಕ ಕಂಪ್ಯೂಟರಿಗೆ ಹೋಗಿದೆ. ನಮ್ಮ ಸಂಘಕ್ಕೆ ಊರಿನ ಹುಡುಗರೇ ತಂತ್ರಾಂಶ ಬರೆದುಕೊಟ್ಟಿದ್ದಾರೆ. ಅದರ ತಳಪಾಯಕ್ಕೆ ಜ್ಯಾಂಗೋ ಅಂತ ಹೆಸರು. ಅಮೆರಿಕದ ಕಾನ್ಸಾಸ್ ರಾಜ್ಯದ ಲಾರೆನ್ಸ್ ಎಂಬ ಊರಿನ ಪತ್ರಿಕಾ ಕಚೇರಿಯಲ್ಲಿ 2003ರಲ್ಲಿ ಏಡ್ರಿಯನ್ ಹೊಲೊವಾಟಿ ಮತ್ತು ಸೈಮನ್ ವಿಲಿಸನ್ ಎಂಬುವರು ಇದನ್ನು ಶುರು ಮಾಡಿದರು. 2005ರಲ್ಲಿ ಎಲ್ಲರಿಗೂ ಉಚಿತವಾಗಿ ಬಿಟ್ಟುಕೊಟ್ಟರು. ಹತ್ತು ಜನರಿಗೆ ಹಂಚಿದ್ದರಿಂದಲೇ ಬೆಳೆಯಿತು. ಇದೂ ಒಂದು ರೀತಿಯ ಸಹಕಾರವೇ ಅಲ್ಲವೇ?

ಇದರಲ್ಲಿ ಒಂದು ಅನುಕೂಲವಿದೆ. ಸದಸ್ಯರ ಹೆಸರು, ಷೇರು, ಹಾಲಿನ ಲೀಟರು, ಫ್ಯಾಟು ಹೀಗೆ ಯಾವ ಯಾವ ಕಾಲಂ ಬೇಕು ಅಂತ ಬರೆದುಕೊಟ್ಟರೆ, ನಮೂದಿಸುವ, ತಿದ್ದುವ, ಅಳಿಸುವ ಪರದೆ ಹೆಚ್ಚು ಕೆಲಸವಿಲ್ಲದೆ ಸಿದ್ಧವಾಗಿ ಬಿಡುತ್ತೆ. ಅದಕ್ಕೆ ಅಡ್ಮಿನ್ ಅನ್ನುತ್ತಾರೆ. ಪ್ರೋಗ್ರಾಂ ಗೊತ್ತಿಲ್ಲದ ಪತ್ರಿಕಾ ಸಿಬ್ಬಂದಿಯೂ ಸುದ್ದಿ ಏರಿಸಬೇಕಿತ್ತು, ಅದಕ್ಕೇ ಮಾಡಿದ್ದು. ಇದು ಕಚೇರಿ ಒಳಗಿನ ನಂಬಿಕಸ್ಥ ಜನಕ್ಕೆ ಮಾಡಿದ ಪರದೆ ಅನ್ನುವುದನ್ನು ದಯವಿಟ್ಟು ನೆನಪಿಡಿ. ನಾವು ಹೇಳಬೇಕಾದ ಮಾತೆಲ್ಲಾ ಇದರ ಮೇಲೆ ನಿಂತಿದೆ.

ಮೊದಲು ಸಣ್ಣ ತೊಂದರೆಗಳನ್ನು ಹೇಳುತ್ತೇವೆ. ಸದಸ್ಯರ ಪಟ್ಟಿ ತೆಗೆದರೆ ಹೆಸರೇ ಇಲ್ಲ! 'ಮೆಂಬರ್ ಆಬ್ಜೆಕ್ಟ್ 1', 'ಮೆಂಬರ್ ಆಬ್ಜೆಕ್ಟ್ 2' ಅಂತ ಸಾಲು ಸಾಲಾಗಿ ಬಂದವು. ಮನುಷ್ಯರು ಎಲ್ಲಿ ಹೋದರಪ್ಪಾ ಅಂತ ನಮ್ಮ ಕಾರ್ಯದರ್ಶಿಗಳು ಗಾಬರಿಯಾದರು. ಯಾರೂ ಎಲ್ಲೂ ಹೋಗಿರಲಿಲ್ಲ. ಒಬ್ಬೊಬ್ಬರನ್ನೂ ಯಾವ ಹೆಸರಿನಿಂದ ತೋರಿಸಬೇಕು ಅಂತ ಕಂಪ್ಯೂಟರಿಗೆ ಹೇಳಿರಲಿಲ್ಲ, ಅಷ್ಟೆ. ಎರಡು ಸಾಲು ಬರೆದ ಮೇಲೆ ಸದಸ್ಯತ್ವ ಸಂಖ್ಯೆ, ಹೆಸರು, ತಂದೆ ಅಥವಾ ಗಂಡನ ಹೆಸರು ಮೂರೂ ಬಂದವು. ಒಂದೇ ಹೆಸರಿನವರು ನಾಲ್ಕು ಜನ ಇರುವ ಊರಿನಲ್ಲಿ ಬರೀ ಹೆಸರು ಸಾಲದು ನೋಡಿ. ಇನ್ನೊಂದು ತಮಾಷೆ ಏನೆಂದರೆ, 'ಸದಸ್ಯ' ಅಂತ ಬರೆದರೆ ಬಹುವಚನ ಮಾಡಲು ಹಿಂದುಗಡೆ ಇಂಗ್ಲಿಷಿನ 'ಎಸ್' ಅಕ್ಷರ ಅಂಟಿಸುತ್ತಿತ್ತು! 'ಸದಸ್ಯರು' ಅಂತ ನಾವೇ ಬೇರೆಯಾಗಿ ಬರೆದುಕೊಡಬೇಕಾಯಿತು.

ಎರಡನೆಯದು ತಾರೀಖಿನ ತಕರಾರು. ಬೆಳಿಗ್ಗೆ 5 ಗಂಟೆಗೆ ಹಾಕಿದ ಹಾಲು ಹಿಂದಿನ ರಾತ್ರಿ 11-30 ಅಂತ ತೋರಿಸುತ್ತಿತ್ತು. ಹೊಸ ಬಟವಾಡೆಯ ಮೊದಲ ದಿನದ ಹಾಲು ಹಳೇ ಬಟವಾಡೆಗೆ ಸೇರಿದ ಹಾಗೆ ಕಂಡರೆ ಯಾರು ಸುಮ್ಮನಿರುತ್ತಾರೆ? ಮೋಸ ಅಂತಲೇ ಮಾತು ಹುಟ್ಟಿತು. ಕಾರಣ ಇಷ್ಟೆ. ಹೊಸದಾಗಿ ಶುರು ಮಾಡುವಾಗ ಜ್ಯಾಂಗೋ ಅಂತರರಾಷ್ಟ್ರೀಯ ಸಮಯ ಹಿಡಿದಿರುತ್ತೆ. ನಮ್ಮ ಗಡಿಯಾರ ಅದಕ್ಕಿಂತ ಐದೂವರೆ ಗಂಟೆ ಮುಂದೆ. ಹಾಗಾಗಿ ಐದೂವರೆಗೆ ಮುಂಚೆ ಕ್ಯಾನು ತಂದವರೆಲ್ಲಾ ಹಿಂದಿನ ದಿನಕ್ಕೆ ಬಿದ್ದರು. 'ಏಷ್ಯಾ ಕೋಲ್ಕತ್ತಾ' ಸಮಯ ಅಂತ ಒಂದು ಸಾಲು ಬದಲಾಯಿಸಿದರು, ಸರಿಹೋಯಿತು. ಯಾರ ಹಾಲೂ ಕಳೆದಿರಲಿಲ್ಲ. ಆದರೆ ಗುಮಾನಿ ಹೋಗಲು ಒಂದು ತಿಂಗಳೇ ಹಿಡಿಯಿತು.

ಈಗ ದೊಡ್ಡ ವಿಷಯಕ್ಕೆ ಬರುತ್ತೇವೆ. ಈ ಪರದೆಯಲ್ಲಿ ಪ್ರತಿಯೊಂದು ಪುಸ್ತಕಕ್ಕೂ ನಾಲ್ಕು ಅಧಿಕಾರಗಳುಂಟು: ಸೇರಿಸುವುದು, ಬದಲಿಸುವುದು, ಅಳಿಸುವುದು, ಬರೀ ನೋಡುವುದು. ಬರೀ ನೋಡುವ ಅಧಿಕಾರ 2018ರಲ್ಲಿ ಬಂದಿದ್ದು. ನಾಲ್ಕೂ ಇರುವವರು, ಎಲ್ಲಾ ಪುಸ್ತಕಕ್ಕೂ ಒಡೆಯರು, 'ಸೂಪರ್ ಯೂಸರ್'. ಕೆಲಸ ಸಲೀಸಾಗಲಿ ಅಂತ ಎಲ್ಲರಿಗೂ ಆ ಒಂದೇ ಪಾಸ್‌ವರ್ಡ್ ಕೊಡುವ ರೂಢಿ ಎಷ್ಟೋ ಕಡೆ ಇದೆ. ಇದು ಬೀರುವಿನ ಬೀಗದಕೈಯನ್ನು ಬಾಗಿಲ ಮೊಳೆಗೆ ನೇತುಹಾಕಿದ ಹಾಗೆ.

ಒಬ್ಬ ಸದಸ್ಯರನ್ನು ಅಳಿಸಿದರೆ, ಬರೆದುಕೊಟ್ಟ ರೀತಿಯ ಮೇಲೆ, ಅವರ ಹೆಸರಿಗೆ ಅಂಟಿಕೊಂಡ ಹಾಲಿನ ಲೆಕ್ಕ, ಷೇರು, ಪಶು ಆಹಾರದ ಬಾಕಿ ಎಲ್ಲಾ ಒಟ್ಟಿಗೆ ಹೋಗಬಹುದು. ಏನೇನು ಹೋಗುತ್ತೆ ಅಂತ ಕಂಪ್ಯೂಟರ್ ಮೊದಲು ಪಟ್ಟಿ ತೋರಿಸುತ್ತೆ, ನಿಜ. ಆದರೆ ಅವಸರದಲ್ಲಿ ಆ ಪಟ್ಟಿ ಓದುವವರು ಯಾರು? ಅದಕ್ಕೇ ಲೆಕ್ಕ ಇರುವ ಸದಸ್ಯರನ್ನು ಅಳಿಸಲು ಬಾರದಂತೆ ಬರೆಸಿದ್ದೇವೆ. ಸದಸ್ಯತ್ವ ಬಿಟ್ಟವರಿಗೆ 'ನಿವೃತ್ತ' ಅಂತ ಗುರುತು ಹಾಕುತ್ತೇವೆ, ಹೆಸರು ಉಳಿಯುತ್ತೆ.

ಇನ್ನು ತಿದ್ದುವ ವಿಚಾರ. ಹಳೇ ಲೆಡ್ಜರಿನಲ್ಲಿ ತಿದ್ದಿದರೆ ಗೀಟಿನ ಕೆಳಗೆ ಮೊದಲ ಅಂಕಿ ಕಾಣುತ್ತಿತ್ತು, ಪಕ್ಕದಲ್ಲಿ ಸಹಿ ಇರುತ್ತಿತ್ತು. ಅಡ್ಮಿನ್ ಪರದೆಯಲ್ಲೂ 'ಇತಿಹಾಸ' ಅಂತ ಒಂದು ಗುಂಡಿ ಇದೆ. ಯಾರು, ಯಾವಾಗ, ಯಾವ ಕಾಲಂ ಮುಟ್ಟಿದರು ಅಂತ ಅದು ಹೇಳುತ್ತೆ. ಆದರೆ ಮೊದಲು ಎಷ್ಟಿತ್ತು ಅಂತ ಹೇಳುವುದಿಲ್ಲ! ಫ್ಯಾಟು 4.2 ಇದ್ದದ್ದು 3.8 ಆಯಿತೋ, 3.8 ಇದ್ದದ್ದು 4.2 ಆಯಿತೋ, ಗೊತ್ತಾಗದು. ಪರದೆ ಬಿಟ್ಟು ನೇರವಾಗಿ ಒಳಗಿನ ಕಣಜಕ್ಕೆ ಕೈ ಹಾಕಿದರೆ ಈ ಇತಿಹಾಸದಲ್ಲಿ ಏನೂ ಮೂಡುವುದಿಲ್ಲ. ಎಲ್ಲರೂ ಒಂದೇ ಪಾಸ್‌ವರ್ಡ್ ಬಳಸಿದರಂತೂ 'ಯಾರು' ಅನ್ನುವುದಕ್ಕೂ ಅರ್ಥವಿಲ್ಲ.

ಇದಕ್ಕೆ ಸಂಘ ಮಾಡಿಕೊಂಡಿರುವ ಕಟ್ಟಳೆ ಹೀಗಿದೆ. ಹಾಲು ಅಳೆಯುವವರು ಸೇರಿಸಬಹುದು, ತಿದ್ದುವಂತಿಲ್ಲ. ಒಮ್ಮೆ ಉಳಿಸಿದ ಅಂಕಿಯನ್ನು ಆ ಪರದೆಯಲ್ಲಿ ಯಾರೂ ಬದಲಿಸಲು ಬರುವುದಿಲ್ಲ. ತಪ್ಪಿದ್ದರೆ ತಿದ್ದುಪಡಿ ಅಂತ ಹೊಸ ಸಾಲು ಬರೆದು ಕಾರಣ ಹಾಕಬೇಕು. ನಿರ್ದೇಶಕರಾದ ನಮಗೆ ನೋಡುವ ಅಧಿಕಾರ ಮಾತ್ರ. ಸೂಪರ್ ಯೂಸರ್ ಪಾಸ್‌ವರ್ಡ್ ಮೊಹರು ಮಾಡಿದ ಲಕೋಟೆಯಲ್ಲಿದೆ. ಅದನ್ನು ಒಡೆದರೆ ನಡಾವಳಿ ಪುಸ್ತಕದಲ್ಲಿ ಕಾರಣ ಬರೆಯಬೇಕು. ಪ್ರತಿ ರಾತ್ರಿಯ ಲೆಕ್ಕದ ನಕಲು ಬೇರೆ ಕಡೆ ಇರುತ್ತೆ.

ಬಂಧುಗಳೇ, ನಮ್ಮೂರಿನ ಹೊಲಗಳು ಸೈಟುಗಳಾದವು. ಹುಲ್ಲಿಗೆ ದೂರ ಹೋಗಬೇಕು. ಅಷ್ಟರಲ್ಲೂ ಎರಡು ಹಸು ಉಳಿಸಿಕೊಂಡು ಮಗಳ ಫೀಜು ಕಟ್ಟುತ್ತಿರುವ ತಾಯಂದಿರು ಇಲ್ಲಿ ಕೂತಿದ್ದಾರೆ. ಅವರಿಗೆ ಅರ್ಧ ಪಾಯಿಂಟ್ ಫ್ಯಾಟು ಅಂದರೆ ಸಣ್ಣ ಮಾತಲ್ಲ. ಯಂತ್ರದ ದೋಷವನ್ನು ಹುಡುಗರು ಒಂದು ಸಾಲು ಬರೆದು ಸರಿಮಾಡುತ್ತಾರೆ. ಯಾರಿಗೆ ಎಷ್ಟು ಅಧಿಕಾರ ಅನ್ನುವುದನ್ನು ಯಾವ ಯಂತ್ರವೂ ತೀರ್ಮಾನಿಸುವುದಿಲ್ಲ. ಅದನ್ನು ಮಹಾಸಭೆಯೇ ತೀರ್ಮಾನಿಸಬೇಕು.

ಆದ್ದರಿಂದ ಪ್ರತಿ ಮಹಾಸಭೆಯಲ್ಲೂ ಎರಡು ಪ್ರಶ್ನೆ ಕೇಳಿ ಅಂತ ವಿನಂತಿ: ಯಾರ ಹತ್ತಿರ ಯಾವ ಬೀಗದಕೈ ಇದೆ? ಈ ವರ್ಷ ಎಷ್ಟು ತಿದ್ದುಪಡಿ ಆಗಿದೆ? ಉತ್ತರ ಕೊಡುವುದು ನಮ್ಮ ಹೊಣೆ. ಕೇಳುವವರಿಗೆ ಕಂಪ್ಯೂಟರ್ ಬರಬೇಕಾಗಿಲ್ಲ.

 ಜೈ ಸಹಕಾರ! ಜೈ ಕರ್ನಾಟಕ!