ಹೆಸರಿಲ್ಲದ ಜಿಗಿಹುಳು



ಮಾವು ಹೂ ಬಿಟ್ಟಾಗ ಗೊಂಚಲಿನಿಂದ ಚಿಮ್ಮಿ ಮುಖಕ್ಕೆ ಬಡಿಯುವ ಜಿಗಿಹುಳುವನ್ನು ತಾವೆಲ್ಲ ಬಲ್ಲಿರಿ. ಅದರ ಕುಟುಂಬ ಬಹು ದೊಡ್ಡದು. ಬೆಳೆಗೆ ಕಂಟಕವಾದವು ಕೆಲವೇ. ಕಾಡಿನಲ್ಲಿರುವ ಎಷ್ಟೋ ಜಿಗಿಹುಳುಗಳಿಗೆ ಇನ್ನೂ ಹೆಸರೇ ಇಲ್ಲ.

ಉಗಾಂಡ ದೇಶದ ಕಿಬಾಲೆ ಮಳೆಕಾಡಿಗೆ ವಿದ್ಯಾರ್ಥಿಗಳನ್ನು ಕರೆದೊಯ್ಯುತ್ತಿದ್ದ ಕೀಟತಜ್ಞ ಆಲ್ವಿನ್ ಹೆಲ್ಡನ್ ಅವರಿಗೆ 2018ರಲ್ಲಿ ಲೋಹದಂತೆ ಹೊಳೆಯುವ ಜಿಗಿಹುಳುವೊಂದು ದೊರೆಯಿತು. ಆ ಕುಲದ ಕೀಟ ಅದಕ್ಕೆ ಹಿಂದೆ ಕಂಡದ್ದು 1969ರಲ್ಲಿ, ಮಧ್ಯ ಆಫ್ರಿಕಾ ಗಣರಾಜ್ಯದಲ್ಲಿ. ಕಾಡಿನ ಹೆಸರನ್ನೇ ಇಟ್ಟು, ಫ್ಲೋಗಿಸ್ ಕಿಬಾಲೆನ್ಸಿಸ್ ಎಂದು 2022ರಲ್ಲಿ ಪ್ರಕಟಿಸಿದರು.

ಹುಳು ಸಿಕ್ಕೊಡನೆ ಹೆಸರು ಸಿಗುವುದಿಲ್ಲ. ಮೈಬಣ್ಣವನ್ನು ನಂಬಲಾಗದು. ಹಿಂಗಾಲಿನ ಮುಳ್ಳುಗಳ ಸಾಲು ಇದು ಜಿಗಿಹುಳುವೆಂದು ಹೇಳೀತು, ಯಾವುದೆಂದು ಹೇಳದು. ಗಂಡಿನ ಉದರವನ್ನು ಬೇರ್ಪಡಿಸಿ, ಕ್ಷಾರದ್ರಾವಣದಲ್ಲಿ ಮಾಂಸ ಕರಗಿಸಿ, ಉಳಿದ ಜನನಾಂಗದ ಆಕಾರವನ್ನು ಸೂಕ್ಷ್ಮದರ್ಶಕದಲ್ಲಿ ನೋಡಿ, ಹಳೆಯ ಮಾದರಿಗಳೊಡನೆ ಹೋಲಿಸಬೇಕು. ಹೆಣ್ಣು ಮಾತ್ರ ಸಿಕ್ಕರೆ ಕೆಲಸ ಎಷ್ಟೋ ಸಲ ಅಲ್ಲಿಗೇ ನಿಲ್ಲುತ್ತದೆ. ನಮ್ಮ ನಾಡಿನ ಹಲವು ಜಿಗಿಹುಳುಗಳಿಗೆ ಇದೇ ಕ್ರಮದಿಂದ ಹೆಸರು ಕೊಟ್ಟವರು ಬೆಂಗಳೂರಿನ ಕೃಷಿ ವಿಶ್ವವಿದ್ಯಾಲಯದ ಸಿ. ಎ. ವಿರಕ್ತಮಠರು.

ಹೆಸರಿಡುವ ಮೊದಲೇ ಕಾಡು ಕಡಿದರೆ, ಕಳೆದುಕೊಂಡದ್ದು ಏನೆಂದೂ ತಿಳಿಯದು. ಹಾಗೆ ಹೋದವು ಈಗಾಗಲೇ ಎಷ್ಟಿವೆಯೋ!

ಇಂದು ರಾತ್ರಿ ಕಾಡಂಚಿನಲ್ಲಿ ಬಿಳಿ ಪಂಚೆ ಕಟ್ಟಿ ದೀಪ ಹಚ್ಚೋಣ. ಹೆಣ್ಣೆಂದು ಯಾವುದನ್ನೂ ಎಸೆಯಬೇಡಿ. ಜೊತೆಗೆ ಗಂಡು ಸಿಕ್ಕೀತು. ಹಗಲು ಗಿಡದ ಮೇಲೆ ಹಿಡಿದದ್ದಾದರೆ ಗಿಡದ ಹೆಸರನ್ನೂ ಸೇರಿಸಿ, ಊರು, ದಿನಾಂಕಗಳನ್ನು ಚೀಟಿಯಲ್ಲಿ ಬರೆದು ಸೀಸೆಯೊಳಗೇ ಹಾಕಿರಿ. ಸೀಸಕಡ್ಡಿಯಲ್ಲೇ ಬರೆಯಿರಿ, ಪೆನ್ನಿನ ಶಾಯಿ ಮದ್ಯಸಾರದಲ್ಲಿ ಕರಗಿಹೋಗುತ್ತದೆ.