ಚಿಪ್ಪಿನೊಳಗಿದ್ದ ಬೀಜ



ಸುಶಿಗೆ ಸುತ್ತುವ ಕಾಗದದಂಥ ಕಪ್ಪು ಹಾಳೆಯನ್ನು ಈಗ ಬೆಂಗಳೂರಿನವರೂ ಬಲ್ಲರು. ಹೆಸರು ನೋರಿ. ನೋಡಲು ಕಪ್ಪು, ಬೆಂಕಿಗೆ ಹಿಡಿದರೆ ಹಸಿರು. ಕುಲ ಮಾತ್ರ ಕೆಂಪು ಕಡಲಪಾಚಿಯದು.

ಜಪಾನಿನ ಬೆಸ್ತರು ಇದನ್ನು ಬೆಳೆಯಲು ತೊಡಗಿದ್ದು ಶತಮಾನಗಳ ಹಿಂದೆ, ಎದೊ ಕಾಲದಲ್ಲಿ, ಇಂದಿನ ಟೋಕಿಯೊ ಕೊಲ್ಲಿಯಲ್ಲಿ. ಆಳವಿಲ್ಲದ ಕೆಸರಿನಲ್ಲಿ ಬಿದಿರು, ಮರದ ರೆಂಬೆಗಳನ್ನು ನೆಟ್ಟು ಕಾಯುವುದಷ್ಟೇ ಬೇಸಾಯ. ಚಳಿ ಬಲಿತಂತೆ ರೆಂಬೆಗಳ ಮೇಲೆ ಪಾಚಿ ತಾನಾಗಿ ಚಿಗುರುತ್ತಿತ್ತು. ಅದನ್ನು ಕಿತ್ತು, ತೊಳೆದು, ಸಣ್ಣಗೆ ಕೊಚ್ಚಿ, ನೀರಿನಲ್ಲಿ ಕದಡಿ, ಚಾಪೆಯ ಮೇಲಿಟ್ಟ ಮರದ ಚೌಕಟ್ಟಿಗೆ ಹುಯ್ಯುತ್ತಿದ್ದರು. ನೀರು ಸೋರಿ ತೆಳುಪದರ ನಿಂತರೆ, ಚಾಪೆ ಸಮೇತ ಬಿಸಿಲಿಗೆ. ಅವರಿಗದು ಕಾಗದ ಮಾಡುವವರ ವಿದ್ಯೆ. ನಮ್ಮ ಕಣ್ಣಿಗೆ ಹಪ್ಪಳ ಒಣಹಾಕಿದ ಹಾಗೆ.

ಕೊಯ್ಯುವುದು ಗೊತ್ತು, ಬಿತ್ತುವುದು ಏನನ್ನು? ಬೇಸಿಗೆ ಬಂದರೆ ಪಾಚಿ ಮಾಯ. ಎಲ್ಲಿ ಅಡಗುತ್ತದೆ, ಎಲ್ಲಿಂದ ಮರಳುತ್ತದೆ, ಯಾರಿಗೂ ತಿಳಿಯದು. ಒಂದು ವರ್ಷ ಕೈತುಂಬ, ಇನ್ನೊಂದು ವರ್ಷ ಬರೀ ರೆಂಬೆ. ಅದೃಷ್ಟದ ಹುಲ್ಲೆಂದೇ ಅದಕ್ಕೆ ಅಡ್ಡಹೆಸರು. ಎರಡನೇ ಮಹಾಯುದ್ಧದ ನಂತರವಂತೂ ಬೆಳೆ ಪೂರ್ತಿ ಕೈಕೊಟ್ಟಿತು.

ಉತ್ತರ ಸಿಕ್ಕಿದ್ದು ಇಂಗ್ಲೆಂಡಿನಲ್ಲಿ. ಕ್ಯಾಥ್ಲೀನ್ ಡ್ರೂ-ಬೇಕರ್ ಮ್ಯಾಂಚೆಸ್ಟರ್ ವಿಶ್ವವಿದ್ಯಾಲಯದಲ್ಲಿ ಉಪನ್ಯಾಸಕಿ. 1928ರಲ್ಲಿ ಮದುವೆಯಾದರು, ಕೆಲಸ ಹೋಯಿತು. ಮದುವೆಯಾದ ಹೆಂಗಸರನ್ನು ಕೆಲಸದಲ್ಲಿ ಇಟ್ಟುಕೊಳ್ಳುವ ಪದ್ಧತಿ ಅಲ್ಲಿರಲಿಲ್ಲ. ಬುದ್ಧಿ ಬೇಕು, ಸಂಬಳ ಕೊಡೆವು ಎಂಬ ಲೆಕ್ಕ! ಆಕೆ ಸಂಬಳವಿಲ್ಲದೆಯೇ ಸಂಶೋಧನೆ ಮುಂದುವರಿಸಿದರು. ಕೈಯಲ್ಲಿದ್ದದ್ದು ನೋರಿಯಲ್ಲ, ವೇಲ್ಸ್ ಕರಾವಳಿಯವರು ಬೇಯಿಸಿ ತಿನ್ನುವ ಅದರ ದಾಯಾದಿ. ಅದರ ಬೀಜಾಣುಗಳು ಸಿಂಪಿಯ ಚಿಪ್ಪನ್ನು ಕೊರೆದು ಒಳಹೊಕ್ಕು, ನಸುಗೆಂಪು ಎಳೆಗಳಾಗಿ ಹಬ್ಬಿದ್ದನ್ನು ಕಂಡರು. ಚಿಪ್ಪಿನ ಆ ಕೆಂಪು ಕಲೆಯನ್ನು ವಿಜ್ಞಾನಿಗಳು ಅಲ್ಲಿಯತನಕ ಬೇರೆಯೇ ಸಸ್ಯವೆಂದು ಬಗೆದು ಬೇರೆ ಹೆಸರಿಟ್ಟಿದ್ದರು. ಬೇಸಿಗೆಯಲ್ಲಿ ಪಾಚಿ ಅಡಗುವ ತಾಣ ಅದೇ. 1949ರಲ್ಲಿ ‘ನೇಚರ್’ ಪತ್ರಿಕೆಯಲ್ಲಿ ಆಕೆಯ ಪುಟ್ಟ ಟಿಪ್ಪಣಿ ಬಂತು.

ಜಪಾನಿನ ಕ್ಯೂಶೂ ವಿಶ್ವವಿದ್ಯಾಲಯದ ಸೊಕಿಚಿ ಸೆಗಾವಾ ನೋರಿಯಲ್ಲೂ ಹಾಗೆಯೇ ನಡೆಯುವುದನ್ನು ಕಂಡರು. ಕೆಲವೇ ವರ್ಷಗಳಲ್ಲಿ ತೊಟ್ಟಿಗಳಲ್ಲಿ ಚಿಪ್ಪಿಟ್ಟು ಬೀಜ ಎಬ್ಬಿಸುವ, ಅದನ್ನು ಬಲೆಗೆ ಹಿಡಿಸುವ ಕೆಲಸ ರೂಢಿಯಾಯಿತು.

ಡ್ರೂ-ಬೇಕರ್ 1957ರಲ್ಲಿ ತೀರಿಕೊಂಡರು. ಜಪಾನನ್ನು ನೋಡಲೇ ಇಲ್ಲ. ಕುಮಾಮೊಟೊ ಸೀಮೆಯ ಉಟೊದಲ್ಲಿ 1963ರಲ್ಲಿ ಬೆಳೆಗಾರರು ಅವರಿಗೊಂದು ಸ್ಮಾರಕ ನಿಲ್ಲಿಸಿದರು. ಪ್ರತಿ ಏಪ್ರಿಲ್ 14ರಂದು ಅಲ್ಲಿ ಸೇರುತ್ತಾರೆ. ಅಷ್ಟರಲ್ಲಿ ಆ ವರ್ಷದ ಕೊಯ್ಲು ಮುಗಿಯುತ್ತ ಬಂದಿರುತ್ತದೆ. ಮುಂದಿನ ಬೆಳೆ ಚಿಪ್ಪು ಸೇರಿರುತ್ತದೆ.