ಗುಡ್ಡ ಹರಿದು ಬರುವ ಮುನ್ನ
(ಸಂಸ್ಥೆಯ ವಾರ್ಷಿಕ ಸಮಾರಂಭದಲ್ಲಿ ಮಾಡಿದ ಭಾಷಣ)



2024ರ ಜುಲೈ 30ರ ನಸುಕಿನಲ್ಲಿ ನೆರೆಯ ಕೇರಳದ ವಯನಾಡ್ ಜಿಲ್ಲೆಯ ಮುಂಡಕ್ಕೈ ಮತ್ತು ಚೂರಲ್‌ಮಲ ಊರುಗಳು ಕೊಚ್ಚಿಹೋದುದನ್ನು ತಾವೆಲ್ಲರೂ ಬಲ್ಲಿರಿ. ಇನ್ನೂರೈವತ್ತಕ್ಕೂ ಹೆಚ್ಚು ಜನ ಮಡಿದರು. 2018ರ ಆಗಸ್ಟ್‌ನಲ್ಲಿ ನಮ್ಮ ಕೊಡಗಿನ ಜೋಡುಪಾಲ, ಮಕ್ಕಂದೂರು ಕಡೆಯೂ ಇಂಥದೇ ಗೋಳು ಸಂಭವಿಸಿತ್ತು.

ಇದನ್ನು ಬರೀ ಗುಡ್ಡ ಕುಸಿತ ಎಂದರೆ ಸಾಲದು. ದಿನಗಟ್ಟಲೆ ಸುರಿದ ಮಳೆ ಮಣ್ಣಿನ ಕಣಗಳ ನಡುವೆ ತುಂಬಿಕೊಂಡಾಗ, ಆ ನೀರಿನ ಒತ್ತಡದಿಂದ ಮಣ್ಣಿನ ಹಿಡಿತ ಸಡಿಲವಾಗುತ್ತದೆ. ಆಗ ಮಣ್ಣು, ಬಂಡೆ, ಮರಗಳೆಲ್ಲ ಬೆರೆತು ಹಸಿ ಕಾಂಕ್ರೀಟಿನಂತೆ ತೊರೆಯ ದಾರಿ ಹಿಡಿದು ಧುಮುಕುತ್ತವೆ. ವಯನಾಡಿನಲ್ಲಿ ಅದು ಸುಮಾರು 8 ಕಿಲೋಮೀಟರ್ ಹರಿಯಿತು. ಕುಸಿಯುವ ಜಾಗವೇ ಬೇರೆ, ಜನ ಸಾಯುವ ಜಾಗವೇ ಬೇರೆ. ಈ ಒಂದು ಮಾತನ್ನು ದಯವಿಟ್ಟು ನೆನಪಿಡಿ.

ಮುನ್ಸೂಚನೆ ಸಾಧ್ಯವೇ? ಸಾಧ್ಯ, ಅದಕ್ಕೆ ಮೂರು ಹಂತಗಳಿವೆ. ಮೊದಲನೆಯದು ಮಳೆಯ ಲೆಕ್ಕ. ಇಷ್ಟು ಗಂಟೆಯಲ್ಲಿ ಇಷ್ಟು ಮಳೆಯಾದರೆ ಅಪಾಯ ಎಂಬ ಮಿತಿಯನ್ನು ನಿಗದಿಪಡಿಸುವುದು. ಇದರಿಂದ ಹಲವು ಗಂಟೆಗಳ ಸಮಯ ಸಿಗುತ್ತದೆ. ಎರಡನೆಯದು ಇಳಿಜಾರಿನಲ್ಲೇ ಉಪಕರಣ ಹೂಳಿ ನೀರಿನ ಒತ್ತಡವನ್ನೂ ನೆಲದ ವಾಲುವಿಕೆಯನ್ನೂ ಅಳೆಯುವುದು. ಕೇರಳದ ಮುನ್ನಾರಿನಲ್ಲಿ ಅಮೃತ ವಿಶ್ವವಿದ್ಯಾಲಯ ಇಂಥ ವ್ಯವಸ್ಥೆಯನ್ನು ಅಳವಡಿಸಿದೆ. ಮೂರನೆಯದು ತೊರೆಯಲ್ಲೇ ಕಾವಲು. ಸ್ವಿಟ್ಜರ್‌ಲೆಂಡಿನ ಇಲ್‌ಗ್ರಾಬೆನ್ ಕಣಿವೆಯಲ್ಲಿ ನೆಲದ ಕಂಪನ ಗ್ರಹಿಸುವ ಜಿಯೋಫೋನ್‌ಗಳು ಪ್ರವಾಹ ಹೊರಟ ಕೂಡಲೇ ಕೆಳಗಿನ ದಾಟುಹಾದಿಗಳಲ್ಲಿ ದೀಪ ಮತ್ತು ಸೈರನ್ ಮೂಲಕ ಎಚ್ಚರಿಸುತ್ತವೆ. ಅಲ್ಲಿ ಸಿಗುವುದು ಕೆಲವೇ ನಿಮಿಷ. ಆದರೆ ನಡೆದು ಪಕ್ಕಕ್ಕೆ ಸರಿಯಲು ಅಷ್ಟು ಸಾಕು.

ಆದರೆ ಯಂತ್ರವೊಂದೇ ಜೀವ ಉಳಿಸುವುದಿಲ್ಲ. ವಯನಾಡಿನ ಹ್ಯೂಮ್ ಸೆಂಟರ್ ಎಂಬ ಸಂಸ್ಥೆ ತನ್ನ ಮಳೆಮಾಪಕಗಳ ಆಧಾರದಲ್ಲಿ ಹಿಂದಿನ ದಿನವೇ ಎಚ್ಚರಿಸಿತ್ತೆಂದು ವರದಿಯಾಯಿತು. ಗುಡ್ಡದ ಮೇಲ್ಭಾಗದ ಕೆಲವು ಕುಟುಂಬಗಳು ಸ್ಥಳಾಂತರಗೊಂಡೂ ಇದ್ದವು. ಕೆಳಗೆ ಹೊಳೆಯ ದಡದಲ್ಲಿದ್ದವರು ಮಾತ್ರ ನಿದ್ರೆಯಲ್ಲಿದ್ದರು. ಸುದ್ದಿ ಕೊನೆಯ ಮನೆಗೆ ಮುಟ್ಟದಿದ್ದರೆ ಮುನ್ಸೂಚನೆ ಇದ್ದೂ ಇಲ್ಲದಂತೆ.

ಈ ಕೊನೆಯ ಹಂತ ನಮ್ಮ ಕೈಯಲ್ಲಿದೆ. ಮಲೆನಾಡಿನ ಪ್ರತಿ ಶಾಲೆಯಲ್ಲೂ ಒಂದು ಮಳೆಮಾಪಕವಿರಲಿ. ವಿದ್ಯಾರ್ಥಿಗಳು ದಿನವೂ ಬರೆದಿಡಲಿ. ಒಂದು ಮಿಲಿಮೀಟರ್ ಮಳೆ ಎಂದರೆ ಒಂದು ಚದರ ಮೀಟರ್ ನೆಲಕ್ಕೆ ಒಂದು ಲೀಟರ್ ನೀರು. ವಯನಾಡಿನಲ್ಲಿ 48 ಗಂಟೆಗಳಲ್ಲಿ 570 ಮಿಲಿಮೀಟರಿಗೂ ಹೆಚ್ಚು ಸುರಿದಿತ್ತು. ಗುಡ್ಡ ಹೊತ್ತ ಭಾರವನ್ನು ಮಕ್ಕಳೇ ಲೆಕ್ಕ ಹಾಕಲಿ.

ಜೋರು ಮಳೆಯಲ್ಲೂ ತೊರೆಯ ನೀರು ಫಕ್ಕನೆ ಇಳಿದರೆ ಮೇಲೆಲ್ಲೋ ಮಣ್ಣು ಅಡ್ಡಗಟ್ಟಿರಬಹುದು. ನೀರು ಒಮ್ಮೆಲೇ ಕೆಂಪಾಗುವುದು, ನೆಲ ಬಿರಿಯುವುದು, ಮರ ವಾಲುವುದು, ಹೊಸ ಒರತೆ ಏಳುವುದು, ಗುಡುಗಿನಂಥ ಸದ್ದು ಇವೆಲ್ಲ ಅಪಾಯದ ಚಿಹ್ನೆಗಳು. ಆಗ ತೊರೆಯ ಗುಂಟ ಕೆಳಗೆ ಓಡಬೇಡಿ; ಪಕ್ಕದ ಎತ್ತರಕ್ಕೆ ಹೋಗಿ. ಮೊದಲ ಪ್ರವಾಹ ನಿಂತಿತೆಂದು ಸಾಮಾನು ತರಲು ಹಿಂದಿರುಗಬೇಡಿ. ವಯನಾಡಿನಲ್ಲಿ ಅದು ಒಂದಕ್ಕಿಂತ ಹೆಚ್ಚು ಸಲ ಬಂತು.

ಕರೆಂಟು ಹೋದ ರಾತ್ರಿಯಲ್ಲೂ ಮಸೀದಿ, ಮಂದಿರ, ಚರ್ಚುಗಳ ಧ್ವನಿವರ್ಧಕ ಬ್ಯಾಟರಿಯಿಂದ ನಡೆಯುವಂತಿರಲಿ. ತೋಟದ ಲೈನ್ ಮನೆಗಳಲ್ಲಿ ದೂರದ ಅಸ್ಸಾಮಿನ ಕೂಲಿಕಾರರೂ ಇದ್ದಾರೆ. ಕನ್ನಡದ ಜೊತೆ ಉರ್ದು, ಹಿಂದಿ, ಮಲಯಾಳಗಳಲ್ಲೂ ನಾಲ್ಕು ಮಾತು ಕೂಗಿ ಹೇಳಬಲ್ಲ ಮಕ್ಕಳು ನಮ್ಮಲ್ಲೇ ಇದ್ದಾರಲ್ಲವೇ? ಭಾಷೆ ಕಲಿತದ್ದಕ್ಕೆ ಇದಕ್ಕಿಂತ ದೊಡ್ಡ ಸಾರ್ಥಕತೆ ಬೇರೇನಿದೆ?

ಮೂರು ಸಲ ಎದ್ದುಹೋಗಿ ಏನೂ ಆಗದಿದ್ದರೆ ನಾಲ್ಕನೆಯ ಸಲ ಜನ ಗೊಣಗುತ್ತಾರೆ. ಎಚ್ಚರಿಸಿದವನನ್ನು ಆಡಿಕೊಳ್ಳಬೇಡಿ, ಏನೂ ಆಗಲಿಲ್ಲವೆಂದು ಅಲ್ಲಾಹನಿಗೆ ಶುಕ್ರ್ ಹೇಳಿ. ಎಲ್ಲವೂ ತಕ್‌ದೀರ್ ಎಂದು ಕೈಕಟ್ಟಿ ಕೂರುವುದು ತವಕ್ಕುಲ್ ಅಲ್ಲ. ಮೊದಲು ಒಂಟೆಯನ್ನು ಕಟ್ಟಿ, ಆಮೇಲೆ ಭರವಸೆ ಇಡಬೇಕೆಂದೇ ನಮ್ಮ ಪ್ರವಾದಿಯವರು ಕಲಿಸಿದ್ದಾರೆ.

ಮುಂದಿನ ಮಳೆಗಾಲಕ್ಕೆ ಮೊದಲು ನಿಮ್ಮ ಊರಿನ ತೊರೆ ಎಲ್ಲಿಂದ ಬರುತ್ತದೆ, ಅದರ ದಡದ ಕೊನೆಯ ಮನೆ ಯಾರದು ಎಂಬುದನ್ನು ತಿಳಿದುಕೊಳ್ಳಿ. ಅವರನ್ನು ಎಬ್ಬಿಸುವ ಹೊಣೆ ಯಾರದೆಂದು ಇಂದೇ ನಿಶ್ಚಯಿಸಿ. ಅಲ್ಲಾಹನು ನಮ್ಮೆಲ್ಲರನ್ನೂ ಕಾಪಾಡಲಿ. ವಸ್ಸಲಾಮ್.